ಬಗ್ಗಿದ ಮ್ಯಾಲೆ ವಿಚಾರ ಮಾಡಬ್ಯಾಡ!

ಪೂಲ್ ಆಡುವವರಿಗೆಲ್ಲ ಗೊತ್ತಿರುವ ಒಂದು ವಿಚಿತ್ರವಿದೆ. ತನ್ನ ಪಾಲಿನ ಏಳೂ ಚೆಂಡುಗಳನ್ನು ಸಲೀಸಾಗಿ ಪಾಕೆಟ್‌ಗೆ ಇಳಿಸಿದ ಆಟಗಾರ ಕೊನೆಯ ಕಪ್ಪು ಚೆಂಡಿನ ಮುಂದೆ ತಡವರಿಸುತ್ತಾನೆ. ಚೆಂಡು ಹತ್ತಿರದಲ್ಲೇ ಇರುತ್ತದೆ, ನೇರವಾಗಿಯೂ ಇರುತ್ತದೆ. ಸುಮ್ಮನೆ ಅಭ್ಯಾಸಕ್ಕೆಂದು ಹೊಡೆದರೆ ಕಣ್ಣುಮುಚ್ಚಿ ಬೀಳಿಸುವಂಥದ್ದು. ಆದರೆ ‘ಇದು ಬಿದ್ದರೆ ಆಟ ನನ್ನದು’ ಎಂದು ನೆನಪಾದ ಕೂಡಲೇ ಪಾಕೆಟ್‌ನ ಬಾಯಿ ಕಿರಿದಾದಂತೆ ಕಾಣತೊಡಗುತ್ತದೆ. ಟೇಬಲ್ ಅದೇ, ಕೋಲು ಅದೇ, ಕೈಯೂ ಅದೇ. ಹಾಗಾದರೆ ಬದಲಾದದ್ದೇನು?

ನಾನು ಇಳಕಲ್‌ನವನು. ಬಾಗಲಕೋಟೆಯಲ್ಲಿ ಬಿಇ ಮೂರನೇ ವರ್ಷ ಓದುತ್ತಿದ್ದೇನೆ. ಚಿಣಿಪಣಿ, ಗೋಲಿ, ಕೇರಂ ಆಡಿಕೊಂಡು ಬೆಳೆದ ನಮ್ಮಂಥವರಿಗೆ ಪೂಲ್ ಟೇಬಲ್ ಕಂಡದ್ದು ಕಾಲೇಜು ಸೇರಿದ ಮೇಲೆಯೇ. ವಾರಕ್ಕೊಂದು ಸಂಜೆ, ನಾಲ್ಕು ಜನ ದುಡ್ಡು ಕೂಡಿಸಿ ಒಂದು ತಾಸು ಆಡುತ್ತೇವೆ. ‘ಅಲ್ಲಿ ಹೋಗವ್ರು ಓದೂದಿಲ್ಲ’ ಎನ್ನುವುದು ಮನೆಯಲ್ಲಿ ಅಪ್ಪನ ಅಭಿಪ್ರಾಯ. ಅಪ್ಪನ ಅಂಜಿಕೆಗೂ ಅರ್ಥವಿದೆ. ಬಾಜಿ ಕಟ್ಟಿ ಆಡುವ ಜಾಗದಲ್ಲಿ ಕಲಿಯುವಂಥದ್ದು ಏನೂ ಇರುವುದಿಲ್ಲ. ಆದರೆ ಬಾಜಿಯಿಲ್ಲದೆ ಆಡಿದ ಈ ಆಟ ನನಗೆ ಒಂದು ವಿಷಯವನ್ನು ಯಾವ ವ್ಯಕ್ತಿತ್ವ ವಿಕಸನ ಶಿಬಿರಕ್ಕಿಂತಲೂ ಸ್ಪಷ್ಟವಾಗಿ ತೋರಿಸಿಕೊಟ್ಟಿದೆ. ಆತ್ಮವಿಶ್ವಾಸ ಅಂದರೆ ಏನು, ಏನಲ್ಲ ಎಂಬುದೇ ಆ ವಿಷಯ.

ಒಂದು ಡಿಗ್ರಿಯ ಲೆಕ್ಕ

ಆಟ ನೋಡದವರಿಗೆ ಎರಡು ಮಾತು. ‘ಎಂಟು ಚೆಂಡಿನ ಪೂಲ್’ನಲ್ಲಿ 15 ಬಣ್ಣದ ಚೆಂಡುಗಳು, ಒಂದು ಬಿಳಿ ಚೆಂಡು. 1ರಿಂದ 7ರವರೆಗೆ ಪೂರ್ತಿ ಬಣ್ಣದವು ಒಬ್ಬರಿಗೆ. 9ರಿಂದ 15ರವರೆಗೆ ಪಟ್ಟೆಯವು ಇನ್ನೊಬ್ಬರಿಗೆ. ಕೋಲಿನಿಂದ ಬಿಳಿ ಚೆಂಡನ್ನು ಹೊಡೆದು, ಅದರ ಮೂಲಕ ನಿಮ್ಮ ಚೆಂಡುಗಳನ್ನು ಪಾಕೆಟ್‌ಗೆ ಹಾಕಬೇಕು. ಎಲ್ಲ ಮುಗಿದ ಮೇಲೆ 8ನೇ ನಂಬರಿನ ಕಪ್ಪು ಚೆಂಡು. ಅದನ್ನು ಹಾಕಿದವರು ಗೆದ್ದರು.

ಎಂಜಿನಿಯರಿಂಗ್ ವಿದ್ಯಾರ್ಥಿಗಳಿಗೆ ಕೊರಿಯೊಲಿಸ್ ಹೆಸರು ಹೊಸದಲ್ಲ. ಫ್ರಾನ್ಸಿನ ಆ ವಿಜ್ಞಾನಿ 1835ರಲ್ಲೇ ಬಿಲಿಯರ್ಡ್ಸ್ ಆಟದ ಗಣಿತದ ಮೇಲೆ ಒಂದು ಪುಸ್ತಕ ಬರೆದಿದ್ದ. ಅಷ್ಟು ದೂರ ಹೋಗದೆ ನಾವೂ ಒಂದು ಸಣ್ಣ ಲೆಕ್ಕ ಮಾಡಬಹುದು. ಪೂಲ್ ಚೆಂಡಿನ ವ್ಯಾಸ 57.15 ಮಿಲಿಮೀಟರ್. ಬಿಳಿ ಚೆಂಡು ಮತ್ತು ಬಣ್ಣದ ಚೆಂಡಿನ ನಡುವೆ 1 ಮೀಟರ್ ಅಂತರವಿದೆ, ಹೊಡೆತ ನೇರವಾಗಿದೆ ಅಂದುಕೊಳ್ಳಿ. ನಿಮ್ಮ ಕೋಲು ಕೇವಲ 1 ಡಿಗ್ರಿ ಆಚೀಚೆ ಆದರೆ, 1 ಮೀಟರ್ ಸಾಗುವಷ್ಟರಲ್ಲಿ ಬಿಳಿ ಚೆಂಡು ಸುಮಾರು 17.5 ಮಿಲಿಮೀಟರ್ ಪಕ್ಕಕ್ಕೆ ಸರಿದಿರುತ್ತದೆ. 17.5ನ್ನು 57.15ರಿಂದ ಭಾಗಿಸಿ, ಅದರ ಸೈನ್ ವಿಲೋಮ ತೆಗೆದರೆ ಬಣ್ಣದ ಚೆಂಡು ಹೋಗುವ ದಿಕ್ಕಿನ ತಪ್ಪು ಸಿಗುತ್ತದೆ: ಹತ್ತಿರ ಹತ್ತಿರ 18 ಡಿಗ್ರಿ!

ಅಂದರೆ ಕೈಯ 1 ಡಿಗ್ರಿ ತಪ್ಪು ಚೆಂಡಿನಲ್ಲಿ 18 ಪಟ್ಟು ಆಗಿ ಕಾಣಿಸಿಕೊಳ್ಳುತ್ತದೆ. ಪಾಕೆಟ್ ಕೂಡ ಇನ್ನೊಂದು ಮೀಟರ್ ದೂರದಲ್ಲಿದ್ದರೆ, ಕೋಲಿನ ತಪ್ಪು ಸುಮಾರು ಡಿಗ್ರಿಯ ಹತ್ತನೇ ಒಂದು ಭಾಗದೊಳಗಿದ್ದರೆ ಮಾತ್ರ ಚೆಂಡು ಬೀಳುತ್ತದೆ. ಇಷ್ಟು ಸಣ್ಣ ಅಂತರವನ್ನು ಕಾಯಬೇಕಾದದ್ದು ನಮ್ಮ ಮೊಣಕೈ, ಮಣಿಕಟ್ಟು ಮತ್ತು ಬೆರಳು.

ಅಂಜಿದ ಕೈ ಮಾಡುವುದು ಮುಖ್ಯವಾಗಿ ಮೂರು ಕೆಲಸ. ಕೋಲನ್ನು ಬಿಗಿಯಾಗಿ ಹಿಡಿಯುತ್ತದೆ. ಚೆಂಡಿಗೆ ತಾಗುವ ಮೊದಲೇ ವೇಗ ಕಡಿಮೆ ಮಾಡುತ್ತದೆ, ಗಾಡಿಗೆ ಬ್ರೇಕ್ ಹಾಕಿದ ಹಾಗೆ. ಫಲಿತಾಂಶ ನೋಡುವ ಆತುರಕ್ಕೆ ಹೊಡೆತ ಮುಗಿಯುವ ಮುನ್ನವೇ ತಲೆ ಎತ್ತಿಸುತ್ತದೆ. ಈ ಮೂರರಲ್ಲಿ ಯಾವುದೇ ಒಂದು ಸಾಕು, ಹತ್ತನೇ ಒಂದು ಡಿಗ್ರಿ ಹೋಗಿಬಿಡುತ್ತದೆ. ಕಪ್ಪು ಚೆಂಡಿನ ಮುಂದೆ ಬದಲಾಗುವುದು ಇದೇ. ಮನಸ್ಸಿನ ಅನುಮಾನ ಕೋಲಿನ ತುದಿಯಲ್ಲಿ ಮಿಲಿಮೀಟರ್ ಆಗಿ ಇಳಿಯುತ್ತದೆ. ಮೊಬೈಲ್‌ನಲ್ಲಿ ಪೂಲ್ ಆಡಿ ಪಳಗಿದವರು ನಿಜವಾದ ಟೇಬಲ್ ಮುಂದೆ ಪೆಚ್ಚಾಗುವುದೂ ಇದಕ್ಕೇ. ಅಲ್ಲಿ ಚೆಂಡು ಹೋಗುವ ದಾರಿಯನ್ನು ಪರದೆಯೇ ಗೆರೆ ಎಳೆದು ತೋರಿಸುತ್ತದೆ. ಮೇಲಾಗಿ ಮೊಬೈಲ್‌ನೊಳಗಿನ ಕೋಲಿಗೆ ಅಂಜಿಕೆ ಇಲ್ಲ.

ನಾಲ್ಕು ಜನ ನೋಡುತ್ತಿದ್ದರೆ...

ನನ್ನ ರೂಮ್‌ಮೇಟ್ ಹುನಗುಂದ ಕಡೆಯ ಹಳ್ಳಿಯವನು. ನಾವಿಬ್ಬರೇ ಇದ್ದಾಗ ಅವನ ಕೈ ಎಷ್ಟು ಹದವೆಂದರೆ ನನಗೆ ಟೇಬಲ್ ಹತ್ತಿರ ಹೋಗುವ ಅವಕಾಶವೇ ಸಿಗುವುದಿಲ್ಲ. ಆದರೆ ಸೀನಿಯರ್‌ಗಳು ಬಂದು ಗೋಡೆಗೆ ಒರಗಿ ನಿಂತರೆ ಸಾಕು, ಅವನ ಹೆಗಲು ಬಿಗಿಯುತ್ತದೆ. ಇದೇ ಗೆಳೆಯ ಹತ್ತನೇ ತರಗತಿವರೆಗೆ ಕನ್ನಡ ಮಾಧ್ಯಮದಲ್ಲಿ ಓದಿ, ಮನೆತನದಲ್ಲೇ ಮೊದಲಿಗನಾಗಿ ಎಂಜಿನಿಯರಿಂಗ್ ಮೆಟ್ಟಿಲು ಹತ್ತಿದವನು. ರೂಮಿನಲ್ಲಿ ಥರ್ಮೊಡೈನಮಿಕ್ಸ್ ಅನ್ನು ನಮಗೆಲ್ಲ ಬಿಡಿಸಿ ಹೇಳುತ್ತಾನೆ. ಅಣಕು ಸಂದರ್ಶನದಲ್ಲಿ ‘ಟೆಲ್ ಮಿ ಅಬೌಟ್ ಯುವರ್‌ಸೆಲ್ಫ್’ ಅಂದರೆ ಎರಡನೇ ವಾಕ್ಯಕ್ಕೇ ನಿಂತುಬಿಡುತ್ತಾನೆ. ಬರುವ ವರ್ಷ ಕ್ಯಾಂಪಸ್‌ಗೆ ಕಂಪನಿಗಳು ಬರುತ್ತವೆ. ಅವನ ಓದಿಗಾಗಿ ತೆಗೆದ ಸಾಲವೂ ಹಾಗೇ ಇದೆ. ಹಾಗಾಗಿ ಈ ಪ್ರಶ್ನೆ ನಮಗೆ ಆಟದ ಪ್ರಶ್ನೆಯಾಗಿ ಉಳಿದಿಲ್ಲ.

‘ಧೈರ್ಯ ತಂದುಕೋ’ ಎಂದು ನಾವೆಲ್ಲ ಅವನಿಗೆ ಹೇಳಿದ್ದೇ ಹೇಳಿದ್ದು. ಅದರಿಂದ ಏನೂ ಆಗಲಿಲ್ಲ. ಯಾಕೆ ಆಗಲಿಲ್ಲ ಎಂಬುದಕ್ಕೆ ಒಂದು ಹಳೆಯ ಅಧ್ಯಯನದಲ್ಲಿ ಉತ್ತರವಿದೆ. 1982ರಲ್ಲಿ ಪ್ರಕಟವಾದ ಆ ಅಧ್ಯಯನ ನಡೆದದ್ದು ಪೂಲ್ ಟೇಬಲ್ ಸುತ್ತಲೇ. ಅಮೆರಿಕದ ಸಂಶೋಧಕ ಜೇಮ್ಸ್ ಮೈಕಲ್ಸ್ ಮತ್ತು ಸಂಗಡಿಗರು ವಿಶ್ವವಿದ್ಯಾಲಯವೊಂದರ ವಿದ್ಯಾರ್ಥಿಗಳು ಪೂಲ್ ಆಡುವುದನ್ನು ಮೊದಲು ದೂರದಿಂದ, ಅವರಿಗೆ ಗೊತ್ತಾಗದಂತೆ ಗಮನಿಸಿದರು. ಆಮೇಲೆ ನಾಲ್ಕು ಜನ ಟೇಬಲ್ ಹತ್ತಿರವೇ ಬಂದು ನಿಂತು ನೋಡಿದರು. ಚೆನ್ನಾಗಿ ಆಡುವವರ ಯಶಸ್ವಿ ಹೊಡೆತಗಳು ಶೇ 71ರಿಂದ ಶೇ 80ಕ್ಕೆ ಏರಿದವು. ಅಷ್ಟಕ್ಕಷ್ಟೇ ಆಡುವವರದು ಶೇ 36ರಿಂದ ಶೇ 25ಕ್ಕೆ ಕುಸಿಯಿತು.

ಒಂದೇ ಟೇಬಲ್, ಒಂದೇ ನಾಲ್ಕು ಜೊತೆ ಕಣ್ಣು. ಒಬ್ಬರಿಗೆ ಅದು ಬಲವಾಯಿತು, ಇನ್ನೊಬ್ಬರಿಗೆ ಭಾರವಾಯಿತು. ಒತ್ತಡ ಹೆಚ್ಚಾದಾಗ ನಮ್ಮೊಳಗೆ ಯಾವುದು ಹೆಚ್ಚು ರೂಢಿಯಾಗಿದೆಯೋ ಅದೇ ಮುನ್ನುಗ್ಗಿ ಹೊರಗೆ ಬರುತ್ತದೆ ಎನ್ನುವುದು ಇದರ ಹಿಂದಿನ ವಿವರಣೆ. ಸರಿಯಾದ ಹೊಡೆತ ರೂಢಿಯಾಗಿದ್ದರೆ ಸರಿಯಾದದ್ದು, ತಪ್ಪು ರೂಢಿಯಾಗಿದ್ದರೆ ತಪ್ಪು. ಧೈರ್ಯವನ್ನು ಆ ಹೊತ್ತಿಗೆ ತರಲು ಆಗುವುದಿಲ್ಲ. ಮೊದಲೇ ಜಮಾ ಮಾಡಿಟ್ಟಿದ್ದರೆ ಮಾತ್ರ ಆ ಹೊತ್ತಿಗೆ ಸಿಗುತ್ತದೆ.

ಮನೋವಿಜ್ಞಾನಿ ಆಲ್ಬರ್ಟ್ ಬಂಡೂರ 1977ರಲ್ಲಿ ಮಂಡಿಸಿದ ವಿಚಾರವೂ ಇದಕ್ಕೆ ಹೊಂದುತ್ತದೆ. ‘ನನ್ನಿಂದ ಇದು ಆಗುತ್ತದೆ’ ಎಂಬ ನಂಬಿಕೆಗೆ ಅವರು ನಾಲ್ಕು ಮೂಲಗಳನ್ನು ಗುರುತಿಸಿದರು: ಸ್ವತಃ ಮಾಡಿ ಗೆದ್ದ ಅನುಭವ, ನಮ್ಮಂಥವರೇ ಗೆಲ್ಲುವುದನ್ನು ಕಂಡದ್ದು, ಬೇರೆಯವರ ಪ್ರೋತ್ಸಾಹದ ಮಾತು, ಮತ್ತು ಆ ಹೊತ್ತಿನ ನಮ್ಮ ದೇಹ–ಮನಸ್ಸಿನ ಸ್ಥಿತಿ. ಇವುಗಳಲ್ಲಿ ಎಲ್ಲಕ್ಕಿಂತ ಗಟ್ಟಿಯಾದದ್ದು ಮೊದಲನೆಯದು. ನಾವು ಗೆಳೆಯನಿಗೆ ಕೊಡುತ್ತಿದ್ದದ್ದು ಮೂರನೆಯದನ್ನು ಮಾತ್ರ.

ಗ್ರಾನೈಟ್ ಅಣ್ಣನ ಪಾಠ

ನಾವು ಆಡುವ ಜಾಗದಲ್ಲಿ ಎಲ್ಲರಿಗಿಂತ ಚೆನ್ನಾಗಿ ಆಡುವವರು ಕಾಲೇಜಿನವರಲ್ಲ. ನಮ್ಮೂರ ಕೆಂಪು ಗ್ರಾನೈಟ್‌ಗೆ ಪಾಲಿಶ್ ಹಾಕುವ ಕೆಲಸ ಮಾಡುವ ಒಬ್ಬ ಅಣ್ಣ. ಕೆಲಸದ ಮೇಲೆ ಬಾಗಲಕೋಟೆಗೆ ಬಂದಾಗ ಒಂದಾಟ ಆಡಿ ಹೋಗುತ್ತಾರೆ. ಪೂಲ್ ಟೇಬಲ್‌ನ ಹಸಿರು ಬಟ್ಟೆಯ ಕೆಳಗೆ ಸ್ಲೇಟ್ ಕಲ್ಲಿನ ಹಾಸು ಇರುತ್ತದೆ ಎಂದು ನನಗೆ ಮೊದಲು ಹೇಳಿದವರೂ ಅವರೇ. ಬಂದ ಕೂಡಲೇ ಅಂಗೈಯಿಂದ ಬಟ್ಟೆ ಸವರಿ, ‘ಕಲ್ಲು ಮಟ್ಟಸ ಐತಿ’ ಅನ್ನುತ್ತಾರೆ.

ಅವರ ಆಟ ನೋಡುವುದೇ ಒಂದು ಪಾಠ. ಟೇಬಲ್ ಸುತ್ತ ಒಂದು ಸುತ್ತು ಹಾಕುತ್ತಾರೆ. ಕೋಲಿನ ತುದಿಗೆ ಚಾಕ್ ಹಚ್ಚುತ್ತಾ ನಿಂತು ನೋಡುತ್ತಾರೆ. ಯಾವ ಚೆಂಡು, ಯಾವ ಪಾಕೆಟ್, ಹೊಡೆದ ಮೇಲೆ ಬಿಳಿ ಚೆಂಡು ಎಲ್ಲಿ ನಿಲ್ಲಬೇಕು ಎಂಬುದೆಲ್ಲ ನಿಂತಿದ್ದಾಗಲೇ ತೀರ್ಮಾನ. ಆಮೇಲೆ ಬಗ್ಗುತ್ತಾರೆ. ಕೋಲು ಎರಡು ಸಲ ಹಿಂದೆ ಮುಂದೆ ಆಡುತ್ತದೆ, ಮೂರನೆಯದು ಹೊಡೆತ. ಒಮ್ಮೊಮ್ಮೆ ಬಗ್ಗಿದವರು ಹೊಡೆಯದೆಯೇ ಎದ್ದುಬಿಡುತ್ತಾರೆ. ಮತ್ತೆ ಚಾಕ್, ಮತ್ತೆ ನೋಟ, ಮತ್ತೆ ಬಗ್ಗುವುದು. ಯಾಕೆ ಎಂದು ಕೇಳಿದ್ದಕ್ಕೆ ಅವರು ಹೇಳಿದ್ದು ಒಂದೇ ಮಾತು: ‘ವಿಚಾರ ಮಾಡೂದು ನಿಂತಾಗ ಮಾಡಿ ಮುಗಿಸ್ಬೇಕು ತಮ್ಮಾ. ಬಗ್ಗಿದ ಮ್ಯಾಲೆ ವಿಚಾರ ಮಾಡಬ್ಯಾಡ. ಬಂತಂದ್ರ ಎದ್ದ್ ನಿಲ್ಲು.’

ಈ ಮಾತನ್ನು ನಾನು ಎಷ್ಟೋ ಸಲ ತಿರುಗಿಸಿ ನೋಡಿದ್ದೇನೆ. ಬಗ್ಗಿದ ಮೇಲೆ ಗುರಿ ಬದಲಿಸಿದರೆ ಕಾಲು ಹಳೆಯ ಗುರಿಗೆ ನಿಂತಿರುತ್ತದೆ, ಕೈ ಹೊಸ ಗುರಿಗೆ ಹೊರಟಿರುತ್ತದೆ. ಚೆಂಡು ಎರಡರ ನಡುವೆ ಎಲ್ಲೋ ಹೋಗುತ್ತದೆ. ಪರಿಣತರು ಒತ್ತಡದಲ್ಲಿ ಯಾಕೆ ಎಡವುತ್ತಾರೆ ಎಂಬುದರ ಬಗ್ಗೆ ಸಯಾನ್ ಬೈಲಾಕ್ ಎಂಬ ಅಮೆರಿಕದ ಮನೋವಿಜ್ಞಾನಿ ನಡೆಸಿದ ಪ್ರಯೋಗಗಳು ಹೇಳುವುದೂ ಇದನ್ನೇ: ದೇಹಕ್ಕೆ ಚೆನ್ನಾಗಿ ರೂಢಿಯಾದ ಕೆಲಸವನ್ನು ಅದೇ ಹೊತ್ತಿನಲ್ಲಿ ಮನಸ್ಸು ಹಂತ ಹಂತವಾಗಿ ತಪಾಸಣೆ ಮಾಡಲು ಹೊರಟರೆ ಕೆಲಸ ಕೆಡುತ್ತದೆ. ಇನ್ನು ನುರಿತ ಬಿಲಿಯರ್ಡ್ಸ್ ಆಟಗಾರರ ಕಣ್ಣನ್ನು ಅಳೆದ 2002ರ ಒಂದು ಅಧ್ಯಯನದಲ್ಲಿ, ಹೊಡೆಯುವ ಮುನ್ನಿನ ಅವರ ಕೊನೆಯ ನೋಟ ಹೊಸಬರದಕ್ಕಿಂತ ಹೆಚ್ಚು ಹೊತ್ತು ಗುರಿಯ ಮೇಲೆ ನೆಟ್ಟಿರುತ್ತಿತ್ತು. ನಮ್ಮ ಗ್ರಾನೈಟ್ ಅಣ್ಣ ಇವನ್ನೆಲ್ಲ ಓದಿದವರಲ್ಲ. ಆದರೂ ಅವರು ಮಾಡುವುದು ಇದನ್ನೇ.

ನಮ್ಮ ಮನೆಯಲ್ಲೂ ಇಂಥದ್ದೇ ಒಂದು ಕೆಲಸ ನಡೆಯುತ್ತದೆ. ಇಳಕಲ್ ಸೀರೆಯಲ್ಲಿ ಒಡಲಿನ ಹಾಸು ಬೇರೆ, ಸೆರಗಿನ ಹಾಸು ಬೇರೆ. ಎರಡರ ಎಳೆಗಳನ್ನೂ ಒಂದೊಂದಾಗಿ ಕೊಂಡಿ ಹಾಕಿ ಕೂಡಿಸಬೇಕು. ಅವ್ವ ಕೊಂಡಿ ಹಾಕುವಾಗ ಇನ್ನೆಷ್ಟು ಎಳೆ ಉಳಿದಿವೆ ಎಂದು ತಲೆ ಎತ್ತಿ ನೋಡಿದ್ದನ್ನು ನಾನು ಕಂಡಿಲ್ಲ. ಬಣ್ಣ ಯಾವುದು, ದಡಿ ಯಾವುದು ಎಂಬುದೆಲ್ಲ ಮಗ್ಗಕ್ಕೆ ಕೂರುವ ಮೊದಲೇ ಮುಗಿದ ಮಾತು. ಕೂತ ಮೇಲೆ ಕೈಯಲ್ಲಿರುವ ಎಳೆ ಮಾತ್ರ.

ಸಂದರ್ಶನದಲ್ಲಿ ನನ್ನ ಗೆಳೆಯನಿಗೆ ಆಗುತ್ತಿದ್ದದ್ದು ಬಗ್ಗಿದ ಮೇಲಿನ ವಿಚಾರವೇ. ಇಂಗ್ಲಿಷ್‌ನಲ್ಲಿ ಒಂದು ವಾಕ್ಯ ಶುರು ಮಾಡುತ್ತಾನೆ, ಅರ್ಧಕ್ಕೆ ಬಂದಾಗ ‘ಹ್ಯಾಸ್ ಸರಿಯೋ, ಹ್ಯಾವ್ ಸರಿಯೋ’ ಎಂದು ಅನುಮಾನ. ವಾಕ್ಯ ಬಿಟ್ಟು ಇನ್ನೊಂದು ಹಿಡಿಯುತ್ತಾನೆ. ಎರಡೂ ಪಾಕೆಟ್‌ಗೆ ಬೀಳುವುದಿಲ್ಲ. ಈಗ ಅವನು ಬೇರೆ ದಾರಿ ಹಿಡಿದಿದ್ದಾನೆ. ಪ್ರಶ್ನೆ ಕೇಳಿದ ಮೇಲೆ ಎರಡು ಉಸಿರಿನಷ್ಟು ಹೊತ್ತು ಸುಮ್ಮನಿರುತ್ತಾನೆ; ಏನು ಹೇಳಬೇಕು, ಎಲ್ಲಿ ನಿಲ್ಲಿಸಬೇಕು ಎಂಬುದನ್ನು ಆಗ ತೀರ್ಮಾನಿಸುತ್ತಾನೆ. ಶುರು ಮಾಡಿದ ವಾಕ್ಯವನ್ನು, ವ್ಯಾಕರಣ ತಪ್ಪಿದರೂ, ಮುಗಿಸಿಯೇ ತೀರುತ್ತಾನೆ. ವಾರಕ್ಕೆ ಮೂರು ದಿನ ನಾವು ನಾಲ್ಕು ಜನ ಅವನೆದುರು ಗೋಡೆಗೆ ಒರಗಿ ನಿಂತು ಕೇಳುತ್ತೇವೆ. ಪೂರ್ತಿ ಸರಿಹೋಗಿದೆ ಎಂದು ನಾನು ಹೇಳಲಾರೆ. ಆದರೆ ಮೊನ್ನೆ ಆರು ನಿಮಿಷ ನಿಲ್ಲದೆ ಮಾತಾಡಿದ.

ಟೈಪಿಸ್ಟ್ ವಿಶ್ವ ಚಾಂಪಿಯನ್ ಆದದ್ದು

ಪೂಲ್, ಸ್ನೂಕರ್, ಬಿಲಿಯರ್ಡ್ಸ್ – ಟೇಬಲ್ ಅಳತೆ, ಚೆಂಡು, ನಿಯಮ ಬೇರೆ ಬೇರೆಯಾದರೂ ಮೂರೂ ಕೋಲಿನ ಆಟಗಳೇ. ಇವು ನಮಗೆ ಪರಕೀಯವೂ ಅಲ್ಲ. ಸ್ನೂಕರ್ ಹುಟ್ಟಿದ್ದೇ ನಮ್ಮ ನೆಲದಲ್ಲಿ. 1875ರಲ್ಲಿ ಜಬಲ್ಪುರದ ಬ್ರಿಟಿಷ್ ಸೈನ್ಯಾಧಿಕಾರಿಗಳ ನಡುವೆ. ಈ ಆಟಗಳಲ್ಲಿ ಕರ್ನಾಟಕದ ಹೆಸರು ದೊಡ್ಡದು.

ಬೆಂಗಳೂರಿನ ಪಂಕಜ್ ಅಡ್ವಾಣಿ ಅವರನ್ನೇ ನೋಡಿ. ಅಣ್ಣ ಶ್ರೀ ಅಡ್ವಾಣಿ ಸ್ನೂಕರ್ ಆಡುವುದನ್ನು ನೋಡುತ್ತಾ ಈ ಆಟಕ್ಕೆ ಬಂದ ಹುಡುಗ, ಮಾಜಿ ರಾಷ್ಟ್ರೀಯ ಚಾಂಪಿಯನ್ ಅರವಿಂದ್ ಸವೂರ್ ಅವರ ಕೈಯಲ್ಲಿ ಪಳಗಿದರು. 2003ರಲ್ಲಿ, 18ನೇ ವಯಸ್ಸಿಗೆ, ಚೀನಾದಲ್ಲಿ ವಿಶ್ವ ಸ್ನೂಕರ್ ಪ್ರಶಸ್ತಿ ಗೆದ್ದರು. 2005ರಲ್ಲಿ ಮಾಲ್ಟಾದಲ್ಲಿ ಬಿಲಿಯರ್ಡ್ಸ್‌ನ ಎರಡೂ ಮಾದರಿಗಳ ವಿಶ್ವ ಪ್ರಶಸ್ತಿ. 2012ರಲ್ಲಿ ಇಂಗ್ಲೆಂಡಿನ ಲೀಡ್ಸ್‌ನಲ್ಲಿ ದಿಗ್ಗಜ ಮೈಕ್ ರಸೆಲ್ ವಿರುದ್ಧ ಫೈನಲ್ ಗೆಲುವು. 2024ರ ನವೆಂಬರ್ ಹೊತ್ತಿಗೆ ಅವರ ವಿಶ್ವ ಪ್ರಶಸ್ತಿಗಳ ಸಂಖ್ಯೆ 28. ಇದರಲ್ಲಿ ನನಗೆ ಮುಖ್ಯವಾಗಿ ಕಂಡದ್ದು ಬೇರೆ: ಅವರ ಅಣ್ಣ ಶ್ರೀ ಮುಂದೆ ಕ್ರೀಡಾ ಮನಶ್ಶಾಸ್ತ್ರಜ್ಞರಾದರು, ತಮ್ಮನಿಗೆ ಮಾನಸಿಕ ತರಬೇತಿಯಲ್ಲಿ ನೆರವಾದರು. ವಿಶ್ವ ಚಾಂಪಿಯನ್ ಕೂಡ ಆತ್ಮವಿಶ್ವಾಸವನ್ನು ಹುಟ್ಟುಗುಣ ಎಂದು ಬಿಟ್ಟಿಲ್ಲ, ಕೈಗೆ ಕೊಟ್ಟಷ್ಟೇ ತರಬೇತಿಯನ್ನು ಮನಸ್ಸಿಗೂ ಕೊಟ್ಟಿದ್ದಾರೆ.

‘ಅವರು ಬೆಂಗಳೂರಿನವರು, ಚಿಕ್ಕಂದಿನಿಂದ ಅವಕಾಶ ಇತ್ತು’ ಎನ್ನುವವರಿಗೆ ಆರ್. ಉಮಾದೇವಿ ನಾಗರಾಜ್ ಅವರ ಕಥೆ ಹೇಳಬೇಕು. ರಾಜ್ಯ ತೋಟಗಾರಿಕೆ ಇಲಾಖೆಯಲ್ಲಿ ಟೈಪಿಸ್ಟ್ ಆಗಿದ್ದವರು. ಬೆಂಗಳೂರಿನ ಸರ್ಕಾರಿ ನೌಕರರ ಕ್ಲಬ್ಬಿಗೆ ಟೇಬಲ್ ಟೆನಿಸ್ ಆಡಲು ಹೋಗುತ್ತಿದ್ದವರು ಬಿಲಿಯರ್ಡ್ಸ್ ಕೋಲು ಹಿಡಿದದ್ದು ಮೂವತ್ತರ ಆಸುಪಾಸಿನಲ್ಲಿ. ಕಚೇರಿ, ಮನೆ ಎರಡನ್ನೂ ನಿಭಾಯಿಸುತ್ತಲೇ ಆಡಿದರು. 2012ರಲ್ಲಿ ವಿಶ್ವ ಮಹಿಳಾ ಬಿಲಿಯರ್ಡ್ಸ್ ಚಾಂಪಿಯನ್ ಆದರು. ಇಪ್ಪತ್ತೆರಡಕ್ಕೇ ‘ವಯಸ್ಸಾಯ್ತು, ಇನ್ನೇನು’ ಎನ್ನುವ ನಾವು ಈ ಲೆಕ್ಕವನ್ನೂ ಒಮ್ಮೆ ಮಾಡಬೇಕು.

ಕುರ್ಚಿಯಲ್ಲಿ ಕೂತಾಗ

ಈ ಆಟದಲ್ಲಿ ಹೆಚ್ಚು ಜನ ಮಾತಾಡದ ಒಂದು ಭಾಗವಿದೆ. ಅದು ಕುರ್ಚಿ. ಕಬಡ್ಡಿಯಲ್ಲಿ ಎದುರಾಳಿ ದಾಳಿಗೆ ಬಂದರೆ ಹಿಡಿಯಬಹುದು. ಕ್ರಿಕೆಟ್‌ನಲ್ಲಿ ಬ್ಯಾಟ್ಸ್‌ಮನ್ ಆಡುತ್ತಿದ್ದರೆ ಬೌಲಿಂಗ್, ಫೀಲ್ಡಿಂಗ್ ಇರುತ್ತದೆ. ಪೂಲ್‌ನಲ್ಲಿ ಎದುರಾಳಿ ಆಡುತ್ತಿರುವಷ್ಟು ಹೊತ್ತೂ ನೀವು ಕೂತು ನೋಡಬೇಕು, ಅಷ್ಟೇ. ಅವನು ಚೆಂಡಿನ ಮೇಲೆ ಚೆಂಡು ಹಾಕುತ್ತಿದ್ದರೂ ನೀವು ಮಾಡುವಂಥದ್ದು ಏನೂ ಇಲ್ಲ. ಅವನು ತಪ್ಪಿದ ಮರುಕ್ಷಣ ನೀವು ಎದ್ದು ಹೋಗಿ ಹತ್ತನೇ ಒಂದು ಡಿಗ್ರಿಯ ಕೆಲಸ ಮಾಡಬೇಕು.

ಕೆಲಸ ಹುಡುಕುವವರು ಬದುಕುವುದು ಹೆಚ್ಚಾಗಿ ಈ ಕುರ್ಚಿಯಲ್ಲೇ. ಪರೀಕ್ಷೆ ಬರೆದು ಫಲಿತಾಂಶಕ್ಕೆ ಕಾಯುವುದು, ಮೊದಲ ಸುತ್ತು ಮುಗಿಸಿ ಮೇಲ್‌ಗೆ ಕಾಯುವುದು, ಗೆಳೆಯರ ಸ್ಟೇಟಸ್‌ನಲ್ಲಿ ಆಫರ್ ಲೆಟರ್ ನೋಡುತ್ತಾ ಕೂರುವುದು. ಎದುರಾಳಿಯ ಪ್ರತಿ ಹೊಡೆತಕ್ಕೂ ಮನಸ್ಸಿನಲ್ಲೇ ಸೋಲುತ್ತಾ ಕೂತರೆ, ನಮ್ಮ ಸರದಿ ಬರುವಷ್ಟರಲ್ಲಿ ಕೈ ತಣ್ಣಗಾಗಿರುತ್ತದೆ. ಗ್ರಾನೈಟ್ ಅಣ್ಣ ಕುರ್ಚಿಯಲ್ಲಿ ಕೂತಾಗ ಎದುರಾಳಿಯನ್ನು ನೋಡುವುದಿಲ್ಲ, ಟೇಬಲ್ ನೋಡುತ್ತಾರೆ. ಯಾವ ಚೆಂಡು ಎಲ್ಲಿ ಸರಿದಿದೆ, ತನ್ನ ಸರದಿ ಬಂದರೆ ಎಲ್ಲಿಂದ ಶುರು ಎಂಬುದಷ್ಟೇ ಅವರ ಲಕ್ಷ್ಯ.

ಒಂದು ಮಾತನ್ನು ಪ್ರಾಮಾಣಿಕವಾಗಿ ಹೇಳಬೇಕು. ಇಷ್ಟೆಲ್ಲ ಮಾಡಿದರೂ ಸೋಲು ಬರಬಹುದು. ಬೆಂಗಳೂರಿನ ವಿದ್ಯಾ ಪಿಳ್ಳೈ 2017ರಲ್ಲಿ ಸಿಂಗಪುರದಲ್ಲಿ ನಡೆದ ವಿಶ್ವ ಮಹಿಳಾ ಸ್ನೂಕರ್ ಫೈನಲ್‌ನಲ್ಲಿ ಹಾಂಗ್‌ಕಾಂಗ್‌ನ ಆನ್ ಯೀ ವಿರುದ್ಧ 5–6ರಿಂದ ಸೋತರು. ಹನ್ನೊಂದು ಫ್ರೇಮ್‌ಗಳ ಹೋರಾಟ, ಒಂದೇ ಫ್ರೇಮ್‌ನ ಅಂತರ. ಅಲ್ಲಿಯವರೆಗೆ ಹೋದವರಿಗೆ ಆತ್ಮವಿಶ್ವಾಸ ಇರಲಿಲ್ಲ ಎಂದು ಯಾರೂ ಹೇಳಲಾರರು. ಆತ್ಮವಿಶ್ವಾಸ ಗೆಲುವಿನ ಗ್ಯಾರಂಟಿ ಕಾರ್ಡ್ ಅಲ್ಲ. ನಮಗೆ ಗೊತ್ತಿರುವುದನ್ನು ಬೇಕಾದ ಹೊತ್ತಿಗೆ ಕೈಗೆ ಬರುವಂತೆ ಮಾಡುವುದಷ್ಟೇ ಅದರ ಕೆಲಸ. ಗೊತ್ತಿಲ್ಲದ್ದನ್ನು ಅದು ಕೊಡುವುದಿಲ್ಲ. ಬಾರದ ಹೊಡೆತವನ್ನು ನಾಲ್ಕು ಜನರ ಮುಂದೆ ಹೊಡೆಯಲು ಹೋಗುವುದಕ್ಕೆ ನಮ್ಮ ಕಡೆ ‘ಧಿಮಾಕು’ ಅನ್ನುತ್ತಾರೆ. ಅದು ಬೇರೆಯೇ ಸರಕು.

ನೀವೂ ಮಾಡಿ ನೋಡಿ

ಪೂಲ್ ಆಡುವವರಿಗೂ ಆಡದವರಿಗೂ ಉಪಯೋಗವಾಗುವ ಕೆಲವು ಸಂಗತಿಗಳು:

* ಪ್ರತಿ ಹೊಡೆತಕ್ಕೂ ಒಂದೇ ಕ್ರಮ ಇರಲಿ: ನೋಟ, ಚಾಕ್, ಉಸಿರು, ಬಗ್ಗುವುದು, ಹೊಡೆತ. ಸುಲಭದ ಚೆಂಡಿಗೂ ಕಪ್ಪು ಚೆಂಡಿಗೂ ಅದೇ ಕ್ರಮ. ಪರೀಕ್ಷೆಯ ಪ್ರತಿ ಪ್ರಶ್ನೆಗೂ ಹಾಗೇ.
* ಬಗ್ಗಿದ ಮೇಲೆ ಅನುಮಾನ ಬಂದರೆ ಎದ್ದು ನಿಲ್ಲಿ. ಎದ್ದು ನಿಲ್ಲುವುದು ಫೌಲ್ ಅಲ್ಲ. ಸಂದರ್ಶನದಲ್ಲಿ ಎರಡು ಕ್ಷಣ ಸಮಯ ಕೇಳುವುದೂ ಫೌಲ್ ಅಲ್ಲ.
* ಮೆಲ್ಲಗೆ ಹೊಡೆಯಬೇಕಿದ್ದರೆ ಕೋಲನ್ನು ಹಿಂದೆ ಎಳೆಯುವುದನ್ನು ಕಡಿಮೆ ಮಾಡಿ. ಅರ್ಧ ದಾರಿಯಲ್ಲಿ ಬ್ರೇಕ್ ಹಾಕಬೇಡಿ. ಚೆಂಡಿಗೆ ತಾಗಿದ ಮೇಲೂ ಕೋಲು ಮುಂದೆ ಸಾಗಲಿ, ತಲೆ ಕೆಳಗೇ ಇರಲಿ.
* ಒಂದೇ ಹೊಡೆತವನ್ನು ಇಪ್ಪತ್ತು ಸಲ ಹೊಡೆದು, ಎಷ್ಟು ಬಿದ್ದವು ಎಂದು ಬರೆದಿಡಿ. ಮುಂದಿನ ವಾರ ಮತ್ತೆ ಬರೆಯಿರಿ. ‘ನನ್ನಿಂದ ಆಗುತ್ತದೆ’ ಎಂಬುದಕ್ಕೆ ಆ ಚೀಟಿಯೇ ಸಾಕ್ಷಿ.
* ಒಬ್ಬರೇ ಚೆನ್ನಾಗಿ ಮಾಡುವುದನ್ನು ನಾಲ್ಕು ಜನರ ಮುಂದೆಯೂ ಮಾಡಿ ರೂಢಿ ಮಾಡಿಕೊಳ್ಳಿ. ಆ ನಾಲ್ಕು ಜನ ಮೊದಲು ಗೆಳೆಯರೇ ಆಗಿರಲಿ.

ಕ್ಯಾಂಪಸ್‌ಗೆ ಕಂಪನಿಗಳು ಬರಲು ಇನ್ನೂ ಕೆಲವು ತಿಂಗಳಿವೆ. ನನ್ನ ಗೆಳೆಯನಿಗೆ ಕೆಲಸ ಸಿಗುತ್ತದೋ ಇಲ್ಲವೋ, ನನಗೂ ಸಿಗುತ್ತದೋ ಇಲ್ಲವೋ, ಈಗ ಹೇಳಲಾಗದು. ಅಷ್ಟರೊಳಗೆ ಸಾಧ್ಯವಾದಷ್ಟು ವಿಚಾರವನ್ನು ನಿಂತಾಗಲೇ ಮುಗಿಸಿಕೊಳ್ಳುವುದು ನಮ್ಮ ಕೈಯಲ್ಲಿದೆ. ನೀವೂ ಕುರ್ಚಿಯಲ್ಲಿ ಕೂತು ಕಾಯುತ್ತಿದ್ದರೆ, ಟೇಬಲ್ ಮೇಲೆ ಕಣ್ಣಿಡಿ ಗೆಳೆಯರೇ. ಸರದಿ ಬರುತ್ತದೆ.